ನನ್ನ ಕರೆ ಯಾವುದು, ನನ್ನ ಕೆಲಸ ಯಾವುದು?

ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ
ವೇದಭಾಗ: ಅಪೊಸ್ತಲರ ಕೃತ್ಯಗಳು 18:1-5

ನೈಟ್ ಶಿಫ್ಟ್ ಮುಗಿಸಿ ನಿದ್ದೆ ಬಿಟ್ಟು ನೇರವಾಗಿ ಇಲ್ಲಿಗೆ ಬಂದವರೂ ಇದ್ದೀರಿ. ದೇವರು ನಿಮ್ಮನ್ನು ಆಶೀರ್ವದಿಸಲಿ. ಬೈಬಲ್ ತಂದಿರುವವರು ಬೈಬಲ್ ತೆಗೆಯಿರಿ, ಮೊಬೈಲ್‌ನಲ್ಲಿ ಓದುವವರು ಮೊಬೈಲ್ ತೆಗೆಯಿರಿ. ವಾಟ್ಸಾಪ್ ಮಾತ್ರ ಸ್ವಲ್ಪ ಹೊತ್ತು ಬಿಡಿ.

ಎರಡು ತಿಂಗಳ ಹಿಂದೆ ಒಬ್ಬ ತಮ್ಮ ಕೂಟ ಮುಗಿದ ಮೇಲೆ ನನ್ನ ಹತ್ತಿರ ಬಂದ. ಅವನ ಅನುಮತಿ ಕೇಳಿಯೇ ಇದನ್ನು ಹೇಳ್ತಿದ್ದೀನಿ, ಹೆಸರು ಹೇಳಲ್ಲ. ಕಸ್ಟಮರ್ ಸಪೋರ್ಟ್‌ನಲ್ಲಿ ಅವನಿಗೆ ಮೂರು ವರ್ಷದ ಅನುಭವ. ಮೊಬೈಲ್ ತೆಗೆದು ಒಂದು ಇಮೇಲ್ ತೋರಿಸಿದ. ರಾಜೀನಾಮೆ ಪತ್ರ, ಟೈಪ್ ಮಾಡಿ ಡ್ರಾಫ್ಟ್‌ನಲ್ಲಿ ಇಟ್ಟಿದ್ದ. "ಪಾಸ್ಟರಣ್ಣ, ಈ ಕೆಲಸದಲ್ಲಿ ನನಗೆ ಪ್ಯಾಶನ್ ಇಲ್ಲ. ನನ್ನ ಪ್ಯಾಶನ್ ಮ್ಯೂಸಿಕ್. ನೀವು ಮೊಬೈಲ್ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ, ನಾನು ನಂಬಿಕೆಯಿಂದ ಸೆಂಡ್ ಒತ್ತಿಬಿಡ್ತೀನಿ" ಅಂದ.

ಐದಾರು ವರ್ಷ ಹಿಂದೆ ಆಗಿದ್ದರೆ ನಾನು "ಹಲ್ಲೆಲೂಯಾ, ಒತ್ತು ತಮ್ಮ!" ಅಂತ ಹೇಳಿಬಿಡ್ತಿದ್ದೆ. ಈ ಸಲ ಹೇಳಲಿಲ್ಲ. "ಮೊದಲು ಕೂತ್ಕೋ, ಟೀ ಕುಡಿಯೋಣ" ಅಂದೆ. ಯಾಕೆ ಹಾಗೆ ಹೇಳಿದೆ ಅನ್ನೋದೇ ಇವತ್ತಿನ ಸಂದೇಶ.

ಪ್ಯಾಶನ್ ಅಂದ್ರೆ ಏನು?

ನಿಮ್ಮಲ್ಲಿ ಎಷ್ಟೋ ಜನ ಇದೇ ಪ್ರಶ್ನೆ ಕೇಳಿದ್ದೀರಿ. "ಅಣ್ಣಾ, ನನಗಾಗಿ ದೇವರು ಇಟ್ಟಿರುವ ಕೆಲಸ ಯಾವುದು? ಹೇಗೆ ಕಂಡುಹಿಡಿಯೋದು?" ಕಾಲೇಜಿನಲ್ಲೂ ರೀಲ್ಸ್‌ನಲ್ಲೂ ಎಲ್ಲರೂ ಒಂದೇ ಮಾತು ಹೇಳ್ತಾರೆ: ನಿನ್ನ ಪ್ಯಾಶನ್ ಯಾವುದು ಅಂತ ಕಂಡುಹಿಡಿ, ಆಮೇಲೆ ಅದನ್ನೇ ಮಾಡು, ಜೀವನ ಸುಖವಾಗಿರುತ್ತೆ. ಪ್ಯಾಶನ್ ಅನ್ನೋದು ಎಲ್ಲೋ ಬಚ್ಚಿಟ್ಟಿರುವ ನಿಧಿ, ಸಿಕ್ಕಿದ ದಿನದಿಂದ ಸೋಮವಾರ ಬೆಳಿಗ್ಗೆ ಕುಣಿದುಕೊಂಡು ಕೆಲಸಕ್ಕೆ ಹೋಗಬಹುದು ಅನ್ನೋ ಹಾಗೆ.

ಆದರೆ ಆ ಪದದ ಬೇರು ನೋಡಿ. ಪ್ಯಾಶನ್ ಅನ್ನೋದು ಲ್ಯಾಟಿನ್ ಭಾಷೆಯಲ್ಲಿ 'ಶ್ರಮೆ ಅನುಭವಿಸು' ಎಂಬ ಅರ್ಥದ ಮಾತಿನಿಂದ ಬಂದದ್ದು. ಶುಭ ಶುಕ್ರವಾರ ಹತ್ತಿರ ಬಂದಾಗ ಇಂಗ್ಲಿಷ್ ಸಭೆಗಳಲ್ಲಿ 'ಪ್ಯಾಶನ್ ಆಫ್ ಕ್ರೈಸ್ಟ್' ಅಂತ ಕೇಳಿರ್ತೀರಿ. ಅಂದ್ರೆ ಕ್ರಿಸ್ತನ ಶ್ರಮೆ. ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನು ಆ ಪಾತ್ರೆಯನ್ನು ಇಷ್ಟಪಟ್ಟು ಕೇಳಿ ತೆಗೆದುಕೊಳ್ಳಲಿಲ್ಲ. ಸಾಧ್ಯವಾದರೆ ಅದು ತನ್ನಿಂದ ದಾಟಿಹೋಗಲಿ ಅಂತ ತಂದೆಯ ಹತ್ತಿರ ಬೇಡಿದನು. ಆದರೂ ಕುಡಿದನು. ನಿಮ್ಮನ್ನೂ ನನ್ನನ್ನೂ ಪ್ರೀತಿಸಿದ್ದರಿಂದ ಕುಡಿದನು. ಆಮೆನ್?

ಹಾಗಾದ್ರೆ "ನನಗೆ ಯಾವ ಕೆಲಸ ಖುಷಿ ಕೊಡುತ್ತೆ?" ಅನ್ನೋ ಪ್ರಶ್ನೆ ತಪ್ಪಲ್ಲ, ಆದರೆ ಅಷ್ಟೇ ಸಾಲದು. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಬೇಕು: "ಯಾರಿಗೋಸ್ಕರ, ಯಾವ ಕೆಲಸದ ಕಷ್ಟವನ್ನು ನಾನು ಹೊರೋಕೆ ಸಿದ್ಧ?" ಮ್ಯೂಸಿಕ್ ಇಷ್ಟ ಅನ್ನೋರು ತುಂಬಾ ಜನ. ದಿನಾ ಎರಡು ಗಂಟೆ ಒಂದೇ ಸ್ಕೇಲನ್ನು ಕೂತು ಬಾರಿಸೋರು ಎಷ್ಟು ಜನ?

ಗುಡಾರ ಹೊಲಿದ ಅಪೊಸ್ತಲ

ಈಗ ವಾಕ್ಯಕ್ಕೆ ಬರೋಣ. ಪೌಲನು ಅಥೇನೆಯನ್ನು ಬಿಟ್ಟು ಕೊರಿಂಥಕ್ಕೆ ಬರ್ತಾನೆ. ಕೊರಿಂಥ ದೊಡ್ಡ ವ್ಯಾಪಾರದ ಊರು, ಎರಡು ಕಡೆ ಬಂದರು, ಎಲ್ಲೆಲ್ಲಿಂದಲೋ ಬಂದ ಜನ. ನಮ್ಮ ಬೆಂಗಳೂರಿನ ಹಾಗೆ ಅಂದ್ಕೊಳ್ಳಿ, ಎಲ್ಲರೂ ಬೇರೆ ಊರವರೇ. ಅಲ್ಲಿ ಅವನಿಗೆ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ಗಂಡಹೆಂಡತಿ ಸಿಗ್ತಾರೆ. ಕ್ಲೌದ್ಯ ಚಕ್ರವರ್ತಿ ಯೆಹೂದ್ಯರೆಲ್ಲ ರೋಮನ್ನು ಬಿಟ್ಟು ಹೋಗಬೇಕು ಅಂತ ಆಜ್ಞೆ ಮಾಡಿದ್ದರಿಂದ ಅವರು ಅಲ್ಲಿಗೆ ಬಂದಿದ್ದರು. ಮನೆ ಹೋಯ್ತು, ಊರು ಹೋಯ್ತು. ಉಳಿದದ್ದು ಕೈಯಲ್ಲಿದ್ದ ಕಸುಬು, ಗುಡಾರ ಮಾಡುವ ಕೆಲಸ. ಪೌಲನದ್ದೂ ಅದೇ ಕಸುಬು. ಹಾಗಾಗಿ ಅವರ ಜೊತೆಯಲ್ಲೇ ಇದ್ದು ಕೆಲಸ ಮಾಡಿದ. ಸಬ್ಬತ್ ದಿನದಲ್ಲಿ ಸಭಾಮಂದಿರದಲ್ಲಿ ವಾದಿಸುತ್ತಿದ್ದ.

ಗಮಲಿಯೇಲನ ಪಾದದ ಹತ್ತಿರ ಕೂತು ಧರ್ಮಶಾಸ್ತ್ರ ಕಲಿತ ಮನುಷ್ಯ ಇವನು. ದಮಸ್ಕದ ದಾರಿಯಲ್ಲಿ ಕರ್ತನ ಬೆಳಕನ್ನು ಕಂಡವನು. ಅಂಥವನು ಸೂಜಿ ದಾರ ಹಿಡಿದು ಕೂತಿದ್ದಾನೆ. "ಇದು ನನ್ನ ಪ್ಯಾಶನ್ ಅಲ್ಲ" ಅಂತ ಎಲ್ಲೂ ಬರೆದಿಲ್ಲ. "ಇದು ನನ್ನ ಪ್ಯಾಶನ್" ಅಂತಾನೂ ಬರೆದಿಲ್ಲ. ಬರೆದದ್ದು ಏನು? ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ 2:9 ನೋಡಿ. ಯಾರಿಗೂ ಭಾರವಾಗಬಾರದು ಅಂತ ರಾತ್ರಿ ಹಗಲು ದುಡಿದೆವು ಅಂತಾನೆ. ಅಪೊಸ್ತಲರ ಕೃತ್ಯಗಳು 20:34ರಲ್ಲಿ ಎಫೆಸದ ಹಿರಿಯರಿಗೆ ತನ್ನ ಕೈಗಳನ್ನೇ ತೋರಿಸಿ, ಇವು ನನ್ನ ಕೊರತೆಗಳನ್ನೂ ನನ್ನ ಜೊತೆಯವರ ಕೊರತೆಗಳನ್ನೂ ನೀಗಿಸಿದವು ಅನ್ನೋ ಅರ್ಥದಲ್ಲಿ ಹೇಳ್ತಾನೆ. ಅವನ ಕರೆ ಒಂದೇ ಇತ್ತು, ಕ್ರಿಸ್ತನನ್ನು ಸಾರೋದು. ಕೆಲಸ ಕಾಲಕ್ಕೆ ತಕ್ಕ ಹಾಗೆ ಬದಲಾಯಿತು. 5ನೇ ವಚನದಲ್ಲಿ ಸೀಲನೂ ತಿಮೊಥೆಯನೂ ಮಕೆದೋನ್ಯದಿಂದ ಬಂದ ಮೇಲೆ ಪೌಲನು ಪೂರ್ತಿಯಾಗಿ ವಾಕ್ಯ ಸಾರುವುದರಲ್ಲೇ ತೊಡಗಿದ ಅಂತ ಇದೆ. ಹೊಲಿಯುವ ಕಾಲವೂ ಇತ್ತು, ಹೊಲಿಗೆ ಪಕ್ಕಕ್ಕಿಟ್ಟ ಕಾಲವೂ ಇತ್ತು.

ಇನ್ನೊಂದು ವಿಷಯ. ನಾವು ಪೆಂತೆಕೋಸ್ತರು ಅಪೊಸ್ತಲರ ಕೃತ್ಯಗಳು 19:12 ಅನ್ನು ತುಂಬಾ ಪ್ರೀತಿಸ್ತೀವಿ. ಪೌಲನ ಮೈಮೇಲಿದ್ದ ಬಟ್ಟೆಗಳನ್ನು ರೋಗಿಗಳ ಹತ್ತಿರ ತೆಗೆದುಕೊಂಡು ಹೋದಾಗ ರೋಗಗಳು ವಾಸಿಯಾದವು, ದೆವ್ವಗಳು ಬಿಟ್ಟುಹೋದವು. ಆ ಬಟ್ಟೆಗಳು ಯಾವುವು ಅಂತ ಯೋಚಿಸಿದ್ದೀರಾ? ಬೈಬಲ್ ಕಾಲೇಜಿನಲ್ಲಿ ನಮ್ಮ ಉಪಾಧ್ಯಾಯರು ಗ್ರೀಕ್ ಪದಗಳನ್ನು ಬಿಡಿಸಿ ಹೇಳಿದಾಗ ನಾನು ಪೆನ್ನು ಕೆಳಗಿಟ್ಟೆ. ಒಂದು ಬೆವರು ಒರೆಸುವ ಬಟ್ಟೆ. ಇನ್ನೊಂದು ಕೆಲಸಗಾರರು ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆ, ನಾವು ಏಪ್ರನ್ ಅಂತೀವಲ್ಲ, ಅದು. ಪವಿತ್ರಾತ್ಮನ ಶಕ್ತಿ ವರ್ಕ್‌ಶಾಪಿನ ಬೆವರಿನ ಬಟ್ಟೆಯ ಜೊತೆ ಹೋಯಿತು. ದೇವರಿಗೆ ಸ್ತೋತ್ರ! ನಿಮ್ಮ ಕೆಲಸದ ಐಡಿ ಕಾರ್ಡಿಗೆ ಅಭಿಷೇಕ ತಾಗಲ್ಲ ಅಂತ ಯಾರು ಹೇಳಿದ್ದು?

ಪ್ರಾರ್ಥನೆ ಮಾಡಿ ಹಾಕಿದ ಸುಳ್ಳು ಸಹಿ

ಈಗ ನನ್ನ ವಿಷಯ ಹೇಳಬೇಕು. ಇದನ್ನು ಸಭೆಯಲ್ಲಿ ಪೂರ್ತಿಯಾಗಿ ನಾನು ಹೇಳಿರಲಿಲ್ಲ.

ನಾನು ವಾರಕ್ಕೆ ಆರು ದಿನ ಪೀಣ್ಯದಲ್ಲಿ ಕೆಲಸ ಮಾಡ್ತೀನಿ ಅಂತ ನಿಮಗೆ ಗೊತ್ತು. ಮೆಷಿನ್ ಶಾಪ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್. ಸಿಎನ್‌ಸಿ ಮೆಷಿನ್‌ನಿಂದ ಪೀಸ್ ಹೊರಗೆ ಬಂದಾಗ ಮೈಕ್ರೋಮೀಟರ್ ಹಿಡಿದು ಅಳತೆ ನೋಡೋದು, ರಿಪೋರ್ಟ್‌ನಲ್ಲಿ ಬರೆಯೋದು, ಸಹಿ ಹಾಕೋದು. ಬೈಬಲ್ ಕಾಲೇಜಿಗೆ ಹೋಗಿ ಡಿಪ್ಲೊಮಾ ಮುಗಿಸಿ ಬಂದಾಗ, ಇನ್ಮೇಲೆ ಫುಲ್ ಟೈಮ್ ಸೇವೆ ಅಂದ್ಕೊಂಡಿದ್ದೆ. ಆದರೆ ಅಪ್ಪನಿಗೆ ಹುಷಾರಿರಲಿಲ್ಲ, ತಂಗಿಯ ಮದುವೆಯ ಸಾಲ ಇತ್ತು. ಮತ್ತೆ ಅದೇ ಕೆಲಸಕ್ಕೆ ಸೇರಿದೆ. ಅದನ್ನು ಸೋಲು ಅಂತಲೇ ಅಂದ್ಕೊಂಡೆ. "ಭಾನುವಾರ ದೇವರ ಕೆಲಸ, ಉಳಿದ ಆರು ದಿನ ಹೊಟ್ಟೆಪಾಡು" ಅಂತ ನನ್ನೊಳಗೇ ಒಂದು ಗೆರೆ ಎಳೆದುಬಿಟ್ಟೆ.

ಒಂದು ಶುಕ್ರವಾರ ರಾತ್ರಿಯಿಡೀ ಪ್ರಾರ್ಥನೆ ಇತ್ತು. ಬೆಳಗಿನ ನಾಲ್ಕು ಗಂಟೆಯವರೆಗೆ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದ್ದೀನಿ, ಕಣ್ಣೀರು ಸುರಿಸಿದ್ದೀನಿ. ಅಲ್ಲಿಂದ ಸೀದಾ ಮೊದಲ ಶಿಫ್ಟಿಗೆ ಹೋದೆ. ಕಣ್ಣು ಎಳೀತಿತ್ತು. ಬ್ಯಾಚ್ ಮುಂದೆ ಬಂತು. ಐದು ಪೀಸ್ ಅಳೆಯಬೇಕಿತ್ತು. ನಾನು ಒಂದನ್ನೂ ಅಳೆಯಲಿಲ್ಲ. ಹಿಂದಿನ ದಿನದ ರೀಡಿಂಗ್ ನೋಡಿ ಅದೇ ಥರದ ಅಂಕಿಗಳನ್ನು ಬರೆದು ಸಹಿ ಹಾಕಿದೆ.

ಆ ದಿನ ಟೂಲ್‌ನ ಇನ್ಸರ್ಟ್ ಸವೆದಿತ್ತು. ಇಡೀ ಬ್ಯಾಚ್ ಅಳತೆ ತಪ್ಪಿತ್ತು. ಕಸ್ಟಮರ್ ಕಡೆಯಿಂದ ಮಾಲು ವಾಪಸ್ ಬಂತು. ಬೈಗುಳ ಬಿದ್ದದ್ದು ಮೆಷಿನ್ ನಡೆಸಿದ ಹುಡುಗನಿಗೆ. ಕಾಂಟ್ರಾಕ್ಟ್ ಮೇಲೆ ಇದ್ದ, ಉತ್ತರ ಕರ್ನಾಟಕದ ಕಡೆಯವನು, ತಿಂಗಳು ತಿಂಗಳು ಊರಿಗೆ ಹಣ ಕಳಿಸ್ತಿದ್ದ. ಅವನ ಮೂರು ದಿನದ ಸಂಬಳ ಹಿಡಿದರು. ನಾನು ನೋಡ್ತಾ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಎರಡು ದಿನ ಪ್ರಾರ್ಥನೆಗೆ ಮೊಣಕಾಲೂರಿದರೆ ಒಂದು ಮಾತೂ ಬರಲಿಲ್ಲ. ಬೈಬಲ್ ತೆರೆದರೂ ಆ ರಿಪೋರ್ಟೇ ಕಣ್ಣ ಮುಂದೆ. ಮೂರನೆಯ ದಿನ ಸೂಪರ್‌ವೈಸರ್ ಹತ್ತಿರ ಹೋಗಿ ಹೇಳಿದೆ: "ಸರ್, ನಾನು ಅಳತೆ ನೋಡಿರಲಿಲ್ಲ. ಮೊದಲ ಪೀಸ್ ಅಳೆದಿದ್ದರೆ ಅಲ್ಲೇ ಮೆಷಿನ್ ನಿಲ್ಲಿಸಬಹುದಿತ್ತು." ನನಗೆ ವಾರ್ನಿಂಗ್ ಲೆಟರ್ ಕೊಟ್ಟರು. ಆ ಹುಡುಗನ ಸಂಬಳ ಅವನಿಗೆ ವಾಪಸ್ ಬಂತು. ಅವನ ಹತ್ತಿರ ಕ್ಷಮೆ ಕೇಳೋಕೆ ಹೋದಾಗ ಅವನು ಸಿಟ್ಟು ಮಾಡಲಿಲ್ಲ. ತಲೆ ತಗ್ಗಿಸಿಕೊಂಡು ಇಷ್ಟೇ ಅಂದ: "ಇರ್ಲಿ ಬಿಡ್ರಿ ಸರ್. ನೀವು ದೇವರ ಮನುಷ್ಯರು, ನೀವು ಸೈನ್ ಹಾಕಿದ್ರ ಬರೊಬ್ಬರಿ ಇರತೈತಿ ಅಂದ್ಕೊಂಡಿದ್ದೆ."

ತಮ್ಮಂದಿರೇ, ತಂಗಿಯರೇ, ಎಷ್ಟೋ ಸಂದೇಶಗಳನ್ನು ಕೇಳಿದ್ದೀನಿ. ಆ ಒಂದು ಮಾತು ಚುಚ್ಚಿದ ಹಾಗೆ ಯಾವುದೂ ಚುಚ್ಚಿಲ್ಲ.

ಅವತ್ತು ನನಗೆ ತಿಳಿದದ್ದು ಇದು. ನನ್ನ ಕೆಲಸದಲ್ಲಿ ನನಗೆ ಪ್ರೀತಿ ಇರಲಿಲ್ಲ, ಯಾಕಂದ್ರೆ ಕೆಲಸದ ಆ ಕಡೆ ಇರುವ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ. ನಾನು ಅಳೆಯುವ ಪೀಸ್ ಯಾವುದೋ ಗಾಡಿಯೊಳಗೆ ಹೋಗುತ್ತೆ, ಆ ಗಾಡಿಯಲ್ಲಿ ಯಾರದೋ ಅಮ್ಮ ಕೂತಿರ್ತಾರೆ. ಮೆಷಿನ್ ಹತ್ತಿರ ನಿಂತಿರುವವನಿಗೆ ಊರಲ್ಲಿ ಮನೆ ಇದೆ. ಕೊಲೊಸ್ಸೆಯವರಿಗೆ 3:23 ನಮಗೆಲ್ಲ ಬಾಯಿಪಾಠ, ಮಾಡುವುದನ್ನೆಲ್ಲ ಕರ್ತನಿಗೋಸ್ಕರವೇ ಅಂತ ಮನಃಪೂರ್ವಕವಾಗಿ ಮಾಡಿ ಅನ್ನೋದು. ಪೌಲನು ಅದನ್ನು ಯಾರಿಗೆ ಬರೆದ ಗೊತ್ತಾ? ಒಂದು ವಚನ ಹಿಂದೆ ನೋಡಿ, ದಾಸರಿಗೆ. ಕೆಲಸ ಆರಿಸಿಕೊಳ್ಳುವ ಹಕ್ಕೇ ಇಲ್ಲದವರಿಗೆ.

ಮರುದಿನದಿಂದ ಐದಕ್ಕೆ ಐದನ್ನೂ ಅಳೆಯೋಕೆ ಶುರು ಮಾಡಿದೆ. ಮೊದಮೊದಲು ಹೆದರಿಕೆಯಿಂದ. ಆಮೇಲೆ, ಯಾವಾಗ ಅಂತ ಹೇಳೋಕೆ ಆಗಲ್ಲ, ಅದರಲ್ಲಿ ಆಸಕ್ತಿ ಹುಟ್ಟಿತು. ಅಳತೆ ಯಾಕೆ ಬದಲಾಗುತ್ತೆ, ಟೂಲ್ ಎಷ್ಟು ಹೊತ್ತಿಗೆ ಸವೆಯುತ್ತೆ ಅಂತ ಕಲಿತೆ. ಈಗ ಹೊಸಬರಿಗೆ ನಾನೇ ಹೇಳಿಕೊಡ್ತೀನಿ. ನಾನು ಪ್ಯಾಶನ್ ಹುಡುಕಿಕೊಂಡು ಹೋಗಲಿಲ್ಲ. ನಿಯತ್ತಾಗಿ ಕೆಲಸ ಮಾಡುವಾಗ ಅದು ನಿಧಾನವಾಗಿ ಹಿಂದೆಯೇ ಬಂತು.

ಆತ್ಮನಿಂದ ತುಂಬಿದ ಕುಶಲಕರ್ಮಿ

ವಿಮೋಚನಕಾಂಡ 31ನೇ ಅಧ್ಯಾಯದಲ್ಲಿ ಬೆಚಲೇಲ ಅಂತ ಒಬ್ಬ ಬರ್ತಾನೆ. ಪ್ರವಾದಿಯಲ್ಲ, ಯಾಜಕನಲ್ಲ. ಚಿನ್ನ, ಬೆಳ್ಳಿ, ತಾಮ್ರ, ರತ್ನ, ಮರ, ಇವುಗಳಲ್ಲಿ ಕೆಲಸ ಮಾಡುವವನು. ದೇವರು ಅವನನ್ನು ಹೆಸರು ಹಿಡಿದು ಕರೆದು, ತನ್ನ ಆತ್ಮದಿಂದ ತುಂಬಿಸಿದ್ದಾಗಿ ಮೋಶೆಗೆ ಹೇಳ್ತಾನೆ. ಯಾತಕ್ಕೆ? ದೇವದರ್ಶನದ ಗುಡಾರ ಮಾಡೋದಕ್ಕೆ. ಆ ಕಸುಬನ್ನು ಎಲ್ಲಿ ಕಲಿತ ಅಂತ ಬೈಬಲ್ ಹೇಳಲ್ಲ. ಆದರೆ ಆ ಜನ ಎಲ್ಲಿಂದ ಹೊರಟು ಬಂದವರು? ಐಗುಪ್ತದಿಂದ, ದಾಸತ್ವದಿಂದ. ಯಾರಿಗೋ ಬಿಟ್ಟಿ ದುಡಿದ ಕೈಗಳನ್ನೇ ದೇವರು ತನ್ನ ಗುಡಾರಕ್ಕೆ ಉಪಯೋಗಿಸಿದನು.

ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಇದೆ. ಮಂಗಳೂರು ಹೆಂಚು ನೋಡಿದ್ದೀರಲ್ಲ? ಊರಲ್ಲಿ ಅಜ್ಜಿ ಮನೆಯ ಕೆಂಪು ಹೆಂಚು. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಸುವಾರ್ತೆ ನಂಬಿದವರಲ್ಲಿ ಎಷ್ಟೋ ಜನರಿಗೆ ಮನೆಯವರ ಆಸರೆ ತಪ್ಪಿತು, ಹಳೆಯ ಜೀವನೋಪಾಯ ತಪ್ಪಿತು. ಬರೀ ಪ್ರಾರ್ಥನೆ ಮಾಡಿ ಕಳಿಸಿದರೆ ಹೊಟ್ಟೆ ತುಂಬುತ್ತಾ? ಮಿಶನ್‌ನವರು ನೇಯ್ಗೆ ಶುರು ಮಾಡಿದರು. ಆಮೇಲೆ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನರಿ ಅಲ್ಲಿನ ಜೇಡಿಮಣ್ಣಿನಿಂದ ಹೆಂಚು ಮಾಡಲು ಹೊರಟು, 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಆ ಮನುಷ್ಯ ಹೆಂಚು ಮಾಡಬೇಕು ಅಂತ ಕನಸು ಕಂಡು ಸಮುದ್ರ ದಾಟಿ ಬಂದಿರಲಿಲ್ಲ. ಎದುರಿಗೆ ಕೆಲಸ ಇಲ್ಲದ ಜನ ಇದ್ದರು, ಕಾಲ ಕೆಳಗೆ ಮಣ್ಣು ಇತ್ತು.

ಹಾಗಾದ್ರೆ ಏನು ಮಾಡೋದು?

ಪ್ರಾಯೋಗಿಕವಾಗಿ ನಾಲ್ಕು ಪ್ರಶ್ನೆ ಕೊಡ್ತೀನಿ, ಬರ್ಕೊಳ್ಳಿ.

ಒಂದು, ನಿನ್ನ ಕೈಯಲ್ಲಿ ಏನಿದೆ? ವಿಮೋಚನಕಾಂಡ 4:2ರಲ್ಲಿ ದೇವರು ಮೋಶೆಗೆ ಇದನ್ನೇ ಕೇಳಿದ್ದು. ಇದ್ದದ್ದು ಕುರಿ ಕಾಯುವ ಕೋಲು. ನಿನಗೆ ಈಗಾಗಲೇ ಏನು ಬರುತ್ತೆ? ಎಕ್ಸೆಲ್ ಬರುತ್ತಾ, ಹೊಲಿಗೆ ಬರುತ್ತಾ, ಸಿಟ್ಟಾದ ಕಸ್ಟಮರ್‌ನ ಸಮಾಧಾನ ಮಾಡೋಕೆ ಬರುತ್ತಾ? ಅದನ್ನು ಸಣ್ಣದು ಅನ್ನಬೇಡ.

ಎರಡು, ಯಾರ ಅಗತ್ಯ ನೋಡಿದಾಗ ನಿನ್ನ ಹೃದಯ ಕರಗುತ್ತೆ? ಚಿಕ್ಕ ಮಕ್ಕಳದ್ದಾ, ವಯಸ್ಸಾದವರದ್ದಾ, ಆಸ್ಪತ್ರೆಯಲ್ಲಿ ಭಾಷೆ ಗೊತ್ತಿಲ್ಲದೆ ನಿಂತವರದ್ದಾ? ನೆಹೆಮೀಯ ಅರಸನ ಪಾನದಾಯಕ, ಕಟ್ಟಡದ ಮೇಸ್ತ್ರಿ ಅಲ್ಲ. ಬಿದ್ದ ಗೋಡೆಯ ಸುದ್ದಿ ಕೇಳಿ ಅತ್ತ. ಅಲ್ಲಿಂದ ಅವನ ಮುಂದಿನ ಕೆಲಸ ಶುರುವಾಯಿತು.

ಮೂರು, ನಿನ್ನನ್ನು ನಂಬಿದವರು ಯಾರು? 1 ತಿಮೊಥೆಯ 5:8 ಓದಿ, ತನ್ನ ಮನೆಯವರನ್ನು ನೋಡಿಕೊಳ್ಳದವನ ಬಗ್ಗೆ ಪೌಲನು ಎಷ್ಟು ಕಠಿಣವಾಗಿ ಬರೆದಿದ್ದಾನೆ ಅಂತ. ನಮ್ಮ ಸಭೆಯಲ್ಲಿ ಎಷ್ಟು ಅಮ್ಮಂದಿರು ಗಾರ್ಮೆಂಟ್ಸ್‌ನಲ್ಲಿ ದುಡಿದು ನಿಮ್ಮನ್ನು ಓದಿಸಿದ್ದಾರೆ! "ಪ್ಯಾಶನ್ ಯಾವುದಮ್ಮ?" ಅಂತ ಅವರನ್ನು ಯಾರೂ ಕೇಳಲಿಲ್ಲ. ನೀನು ಇವತ್ತು ಈ ಪ್ರಶ್ನೆ ಕೇಳ್ತಿರೋದೇ ಅವರು ಸುರಿಸಿದ ಬೆವರಿನಿಂದ. ಇಎಂಐ ಇದ್ದರೆ, ಅಪ್ಪನ ಔಷಧಿ ಇದ್ದರೆ, ಅದನ್ನು ಲೆಕ್ಕ ಹಾಕುವುದು ಅಪನಂಬಿಕೆ ಅಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು ಅಂತ ಲೂಕ 14ರಲ್ಲಿ ಹೇಳಿದ್ದು ನಮ್ಮ ಕರ್ತನೇ.

ನಾಲ್ಕು, ಬೇರೆಯವರು ನಿನ್ನಲ್ಲಿ ಏನು ನೋಡ್ತಾರೆ? ಅಂತಿಯೋಕ್ಯದಲ್ಲಿ ಪವಿತ್ರಾತ್ಮನು ಬಾರ್ನಬ ಮತ್ತು ಸೌಲರನ್ನು ಬೇರೆಮಾಡಲು ಹೇಳಿದ್ದು ಸಭೆ ಉಪವಾಸ ಪ್ರಾರ್ಥನೆಯಲ್ಲಿದ್ದಾಗ. ಒಬ್ಬನೇ ರೂಮಿನಲ್ಲಿ ಕೂತು ನಿರ್ಧಾರ ಮಾಡಬೇಡ. ನಿನ್ನ ಹಿರಿಯರನ್ನೂ, ಜೊತೆ ಕೆಲಸ ಮಾಡುವವರನ್ನೂ ಕೇಳು.

ಹಾಗಂತ ಯಾವ ಕೆಲಸವನ್ನೂ ಬಿಡಲೇಬಾರದು ಅಂತ ನಾನು ಹೇಳ್ತಿಲ್ಲ, ತಪ್ಪು ತಿಳ್ಕೋಬೇಡಿ. ದಿನಾ ಸುಳ್ಳು ಹೇಳಿ ಮಾರಬೇಕು, ಜನರಿಗೆ ಮೋಸ ಮಾಡಬೇಕು ಅನ್ನೋ ಕೆಲಸ ಆದರೆ ಬಿಡು, ಇವತ್ತೇ ಬೇರೆ ಹುಡುಕೋಕೆ ಶುರು ಮಾಡು. ಆರೋಗ್ಯ ಕೆಡ್ತಿದೆ, ಯಾರೋ ಅವಮಾನ ಮಾಡ್ತಿದ್ದಾರೆ ಅಂದ್ರೆ "ಇದೇ ನನ್ನ ಶಿಲುಬೆ" ಅಂತ ಸುಮ್ಮನೆ ಸಹಿಸಬೇಡ, ನಮ್ಮ ಹತ್ತಿರ ಬಾ. ಸ್ವತಂತ್ರನಾಗುವ ಅವಕಾಶ ಸಿಕ್ಕರೆ ಉಪಯೋಗಿಸಿಕೋ ಅಂತ ಪೌಲನೇ ದಾಸರಿಗೆ 1 ಕೊರಿಂಥ 7:21ರಲ್ಲಿ ಬರೆದಿದ್ದಾನೆ. ಬದಲಾಯಿಸು, ಕಲಿ, ಮೇಲೆ ಬಾ. ಬೇಜಾರಿಗೆ 'ನಂಬಿಕೆ' ಅಂತ ಹೆಸರಿಟ್ಟು ಮಾತ್ರ ಓಡಿಹೋಗಬೇಡ.

ಆ ಡ್ರಾಫ್ಟ್ ಏನಾಯಿತು?

ಆ ತಮ್ಮನ ಜೊತೆ ಟೀ ಕುಡಿದೆ ಅಂದ್ನಲ್ಲ. ಒಂದು ಪೇಪರ್ ತಗೊಂಡು ಮನೆ ಬಾಡಿಗೆ, ಅಮ್ಮನಿಗೆ ಕೊಡೋದು, ಲೋನ್ ಎಲ್ಲ ಬರೆದೆವು. ಕೈಯಲ್ಲಿ ಒಂದು ತಿಂಗಳ ಖರ್ಚಿಗೂ ಹಣ ಇರಲಿಲ್ಲ. "ಆರು ತಿಂಗಳ ಖರ್ಚು ಮೊದಲು ಉಳಿಸು. ಅಷ್ಟರೊಳಗೆ ಶನಿವಾರ ನಮ್ಮ ಸಭೆಯ ಇಬ್ಬರು ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡು. ಮ್ಯೂಸಿಕ್ ನಿನಗೆ ಬರೀ ಇಷ್ಟವೋ, ಅದರ ಕಷ್ಟವೂ ನಿನ್ನದೋ ಅಂತ ಗೊತ್ತಾಗುತ್ತೆ" ಅಂದೆ. ಅವನ ಮುಖ ಸಪ್ಪಗಾಯಿತು. ಬೇರೆ ಏನೋ ಪ್ರವಾದನೆ ನಿರೀಕ್ಷೆ ಮಾಡಿದ್ದ ಅನ್ಸುತ್ತೆ.

ಹೋದ ವಾರ ಬಂದು ಹೇಳಿದ, "ಅಣ್ಣಾ, ಆ ಚಿಕ್ಕವನು ಎಂಟು ವಾರದಿಂದ ಒಂದೇ ತಪ್ಪು ಮಾಡ್ತಿದ್ದಾನೆ. ನನಗೆ ಸಿಟ್ಟೂ ಬರ್ತಿಲ್ಲ, ಬೇಜಾರೂ ಆಗ್ತಿಲ್ಲ." ಇನ್ನೊಂದು ಮಾತೂ ಹೇಳಿದ. ಒಂದು ರಾತ್ರಿ ಶಿಫ್ಟಿನಲ್ಲಿ ಒಬ್ಬ ವಯಸ್ಸಾದವರು ಪಾಸ್‌ವರ್ಡ್ ಮರೆತು ಗಾಬರಿಯಾಗಿ ಕಾಲ್ ಮಾಡಿದರಂತೆ. ಮಗುವಿಗೆ ಹೇಳಿಕೊಡೋ ಹಾಗೆ ನಿಧಾನವಾಗಿ ಹೇಳಿಕೊಟ್ಟನಂತೆ. ಡ್ರಾಫ್ಟ್ ಇನ್ನೂ ಹಾಗೇ ಇದೆ. ಮುಂದೆ ಕಳಿಸಬಹುದು, ಕಳಿಸದೆಯೂ ಇರಬಹುದು. ಕಳಿಸಿದರೆ ಆಶೀರ್ವದಿಸಿ ಪ್ರಾರ್ಥನೆ ಮಾಡೋಕೆ ನಾನು ರೆಡಿ ಇದ್ದೀನಿ.

ಈ ವಾರ ನಿಮಗೆ ಒಂದು ಮನೆಪಾಠ. ನಾಳೆ ಕೆಲಸಕ್ಕೋ ಕಾಲೇಜಿಗೋ ಹೋದಾಗ, ನಿನ್ನ ಕೆಲಸದ ಆ ಕಡೆ ಇರುವ ಒಬ್ಬ ಮನುಷ್ಯನನ್ನು ಗುರುತಿಸು. ಅವರಿಗೋಸ್ಕರ ಪ್ರಾರ್ಥಿಸಿ, ನಾಳೆಯ ಕೆಲಸದಲ್ಲಿ ಯಾವುದಾದರೂ ಒಂದನ್ನು ಅಳತೆ ತಪ್ಪದ ಹಾಗೆ ಮಾಡು. ಮುಂದಿನ ಕೂಟದಲ್ಲಿ ಸಾಕ್ಷಿ ಕೇಳ್ತೀನಿ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಕೈಗಳನ್ನು ಎತ್ತಬೇಡಿ ಇವತ್ತು, ಅಂಗೈಗಳನ್ನು ಮುಂದೆ ತೆರೆದು ಹಿಡಿಯಿರಿ.

ಪರಲೋಕದ ತಂದೆಯೇ, ಬಡಗಿಯ ಅಂಗಡಿಯಲ್ಲಿ ಬೆಳೆದ ನಿನ್ನ ಮಗನಿಗಾಗಿ ಸ್ತೋತ್ರ. ಈ ಕೈಗಳನ್ನು ನೋಡು ಕರ್ತನೇ. ಟೈಪ್ ಮಾಡುವ, ಗಾಡಿ ಓಡಿಸುವ, ಹೊಲಿಯುವ, ಪರೀಕ್ಷೆ ಬರೆಯುವ, ಕೆಲಸ ಸಿಗದೆ ಖಾಲಿ ಇರುವ ಕೈಗಳು. ನಾವು ಅಳೆಯದೆ ಹಾಕಿದ ಸಹಿಗಳನ್ನು ಕ್ಷಮಿಸು. ಕೆಲಸ ಬದಲಾಗಬೇಕಾದವರಿಗೆ ದಾರಿ ತೆರೆ, ಇರುವಲ್ಲೇ ಇರಬೇಕಾದವರಿಗೆ ನಿನ್ನ ಆತ್ಮವನ್ನು ಸುರಿಸು. ನಮ್ಮ ಪಕ್ಕದಲ್ಲಿ ಕೆಲಸ ಮಾಡುವವರು ನಮ್ಮನ್ನು ನಂಬುವ ಹಾಗೆ ನಮ್ಮನ್ನು ಮಾಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್.